ಎದುರುಮನೆ ದೊಡ್ಡಮ್ಮನ ಮಾತು

ಸೊಳ್ಳೆ ಮಿಷನ್ನಿನ ಬಾಟಲಿ ಖಾಲಿಯಾಗಿತ್ತು. ಹೊಸದನ್ನು ತಿರುಗಿಸಿ ಪ್ಲಗ್ಗಿಗೆ ಸಿಕ್ಕಿಸಿದೆ. ಪುಟ್ಟ ಕೆಂಪು ದೀಪ ಹತ್ತಿಕೊಂಡಿತು, ಸ್ವಲ್ಪ ಹೊತ್ತಿಗೆ ಆ ತೆಳ್ಳಗಿನ ಸಿಹಿ ವಾಸನೆ ಕೋಣೆ ತುಂಬಿತು. ಕೋಲಾರದ ಈ ಬಾಡಿಗೆ ಮನೆಯಲ್ಲಿ ಸೊಳ್ಳೆಗೇನೂ ಬರವಿಲ್ಲ, ಹಾಗಾಗಿ ವರ್ಷವಿಡೀ ಈ ವಾಸನೆ ಇದ್ದೇ ಇರುತ್ತದೆ. ಹೊಸ ಬಾಟಲಿ ಹಾಕಿದಾಗಲೆಲ್ಲ ಸುಗಟೂರಿನ ನಮ್ಮ ಬೀದಿ ನೆನಪಾಗುತ್ತದೆ, ಎದುರುಮನೆ ದೊಡ್ಡಮ್ಮ ನೆನಪಾಗುತ್ತಾಳೆ... ಸಂಬಂಧದಲ್ಲಿ ಅವಳು ನನಗೆ ಏನೂ ಆಗಬೇಕಿರಲಿಲ್ಲ. ಬೀದಿಗೆಲ್ಲ ಅವಳು ದೊಡ್ಡಮ್ಮನೇ.

ಅವಳಿಗೆ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಟೀವಿ, ಸಿನಿಮಾ, ಮಿಕ್ಸಿ, ಮೊಬೈಲು, ಮದುವೆಮನೆಯ ಫೋಟೋ, ಯಾವುದಾದರೂ ಸರಿ, ಒಂದು ಸಲ ಕಣ್ಣು ಹಾಯಿಸಿ ತೀರ್ಪು ಕೊಟ್ಟುಬಿಡುತ್ತಿದ್ದಳು. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ರೇಷ್ಮೆಹುಳು. ಒಬ್ಬರ ಮನೆಯಲ್ಲಿ ಗೂಡು ಬಿಡಿಸುವ ದಿನ ಮಿಕ್ಕ ಮನೆಗಳ ಹೆಂಗಸರೆಲ್ಲ ಅಲ್ಲಿಗೆ ಹೋಗಬೇಕು, ಅವರು ನಮ್ಮ ಮನೆಗೆ ಬರಬೇಕು, ಅದು ಮುಯ್ಯಿ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಸುತ್ತ ಕೂತು ಒಂದೊಂದೇ ಗೂಡು ಕಿತ್ತು ಬುಟ್ಟಿಗೆ ಹಾಕುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಆ ಬಿಡುವನ್ನೆಲ್ಲ ದೊಡ್ಡಮ್ಮನೇ ತುಂಬುತ್ತಿದ್ದಳು.

"ಸೀರಿಯಲ್ಲಲ್ಲಿ ಆ ಸೊಸೆ ಮಲ್ಕೊಳ್ಳೋವಾಗ್ಲೂ ಒಡವೆ ಹಾಕ್ಕೊಂಡೇ ಮಲ್ಕೋತಾಳೆ, ಕತ್ತು ನೋಯಲ್ವೇನೇ ಅವಳಿಗೆ?" ಎನ್ನುತ್ತಿದ್ದಳು. ತೆಲುಗು ಸಿನಿಮಾದ ಹೀರೋ ಅಷ್ಟು ಜನರನ್ನು ಬಡಿದು ಬಂದರೂ ಶರಟಿನ ಇಸ್ತ್ರಿ ಕೆಡುವುದಿಲ್ಲ ಎಂಬುದು ಅವಳ ಇನ್ನೊಂದು ದೂರು. ಸೆಲ್ಫಿ ಅವಳಿಗೆ ಆಗುತ್ತಿರಲಿಲ್ಲ, ಮನೆಯಲ್ಲಿ ಫೋಟೋ ತೆಗೆಯೋಕೆ ಇನ್ನೊಬ್ಬರು ಗತಿ ಇಲ್ಲವಾ ಎಂದು ಕೇಳುತ್ತಿದ್ದಳು. ಆದರೆ ಮುಖ ನೋಡಿಕೊಂಡು ಮಾತಾಡುವ ಫೋನು ಒಳ್ಳೆಯದು, ಮಕ್ಕಳು ಊಟ ಮಾಡಿದೆ ಅಂತ ಸುಳ್ಳು ಹೇಳಿದರೆ ಮುಖದಲ್ಲೇ ಗೊತ್ತಾಗುತ್ತದೆ. ಯಾರಾದರೂ ಎದುರು ವಾದಿಸಿದರೆ "ಪೋನೀಲೆ, ಹೋಗ್ಲಿ ಬಿಡು, ನಿನಗೆ ಆಮೇಲೆ ಗೊತ್ತಾಗತ್ತೆ" ಎಂದು ತೆಲುಗಿಗೆ ಜಾರಿ ಮಾತು ಮುಗಿಸುತ್ತಿದ್ದಳು. ಅವಳು ಒಪ್ಪಿದ ಕುಕ್ಕರೇ ಬೀದಿಯ ಎಲ್ಲರ ಒಲೆಯ ಮೇಲೆ. ಅವಳು ಮೂಗು ಮುರಿದ ಸಿನಿಮಾಕ್ಕೆ ನಾವು ಕೋಲಾರದವರೆಗೆ ಬಸ್ಸು ಹತ್ತುತ್ತಿರಲಿಲ್ಲ. ಓದಿದವಳು ಅಂತ ನಾನು ಎಷ್ಟೇ ಜಂಬ ಮಾಡಿದರೂ ನನ್ನ ಮೊದಲ ಫೋನು ಕೊಂಡಿದ್ದು ಅವಳನ್ನು ಕೇಳಿಯೇ.

ಆ ವರ್ಷ ಸುತ್ತಮುತ್ತ ಡೆಂಗ್ಯೂ ಜೋರಾಗಿತ್ತು. ಮೂಲೆಮನೆಯ ಸೊಸೆಗೆ ಹಾಲು ಕುಡಿಯುವ ಹೆಣ್ಣುಕೂಸು. ಅವರದ್ದು ಎರಡೇ ಕೋಣೆಯ ಮನೆ. ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹೊಟ್ಟೆಬಾಕತನಕ್ಕೆ ಬೀಳುತ್ತದೆ, ಹಗಲೂ ಇರುಳೂ ಸೊಪ್ಪು ಹಾಕಬೇಕು, ಹಾಗಾಗಿ ಅವಳು ಕೂಸನ್ನೂ ಹುಳುವಿನ ಕೋಣೆಯಲ್ಲೇ ಮಲಗಿಸಿಕೊಳ್ಳುತ್ತಿದ್ದಳು. ಹುಳುವಿಗೆ ಹೊಗೆಯಾಗದು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಊದುಬತ್ತಿ ಹಚ್ಚುವುದಿಲ್ಲ, ಬೀಡಿ ಸೇದುವವರನ್ನು ಹೊಸಿಲು ದಾಟಿಸುವುದಿಲ್ಲ, ಒಣಮೆಣಸಿನಕಾಯಿ ಒಗ್ಗರಣೆಯನ್ನೂ ಹಿತ್ತಲಲ್ಲಿ ಹಾಕುತ್ತೇವೆ. ಸೊಳ್ಳೆ ಬತ್ತಿಯ ಮಾತಂತೂ ದೂರ.

"ಕೂಸಿನ ಮೈಯೆಲ್ಲ ಗುಳ್ಳೆ ದೊಡ್ಡಮ್ಮ, ಏನ್ ಮಾಡ್ಲಿ?" ಎಂದು ಅವಳು ಗೂಡು ಬಿಡಿಸುವ ಕಡೆ ಕೇಳಿದಳು.

"ಟೀವೀಲಿ ತೋರಿಸ್ತಾರಲ್ಲೇ, ಪ್ಲಗ್ಗಿಗೆ ಹಾಕೋ ಮಿಷನ್ನು. ಹೊಗೆ ಇಲ್ಲ, ಬೂದಿ ಇಲ್ಲ. ಅದನ್ನ ಹಾಕು, ಕೂಸು ನೆಮ್ಮದಿಯಾಗಿ ನಿದ್ದೆ ಮಾಡ್ಲಿ" ಎಂದಳು ದೊಡ್ಡಮ್ಮ. ಹೊಗೆಯಿಲ್ಲ ಅಂದ ಮೇಲೆ ಹುಳುವಿಗೇನು ಭಯ? ನಾವ್ಯಾರೂ ಬೇಡ ಅನ್ನಲಿಲ್ಲ, ಯಾರಿಗೂ ಹೊಳೆಯಲೇ ಇಲ್ಲ.

ಮೂರು ದಿನಕ್ಕೆ ಮೂಲೆಮನೆಯಿಂದ ಕೂಗು ಕೇಳಿಸಿತು. ಹೋಗಿ ನೋಡಿದರೆ ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ, ಹಸಿರು ಕಾರಿಕೊಂಡು ತಟ್ಟೆ ತಟ್ಟೆಯಲ್ಲಿ ಮುದುಡುತ್ತಿದ್ದವು. ಗೋಡೆಯ ಮೇಲೆ ಮಿಷನ್ನಿನ ಕೆಂಪು ದೀಪ ಉರಿಯುತ್ತಲೇ ಇತ್ತು. "ಇದನ್ನ ಹಾಕು ಅಂತ ಯಾರು ಹೇಳಿದ್ದು?" ಎಂದು ಅತ್ತೆ ಕೇಳಿದರು. ಸೊಸೆ ಕೂಸನ್ನು ಎತ್ತಿಕೊಂಡು ನಿಂತೇ ಇದ್ದಳು.

"ನಾನೇ ಹೇಳಿದ್ದು" ಎಂದಳು ದೊಡ್ಡಮ್ಮ.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದಳೋ ಏನೋ. ಸತ್ತ ಹುಳುವನ್ನು ಗುಂಡಿಗೆ ಸುರಿದು ಮಣ್ಣು ಮುಚ್ಚುವವರೆಗೂ ನಿಂತಿದ್ದು ಮನೆಗೆ ಹೋದಳು.

ಆಮೇಲೆ ದೊಡ್ಡಮ್ಮ ಯಾವುದರ ಬಗ್ಗೆಯೂ ಒಂದು ಮಾತು ಆಡಲಿಲ್ಲ. ಮುಯ್ಯಿಗೆ ತಪ್ಪದೆ ಬರುತ್ತಿದ್ದಳು, ತಲೆ ಬಗ್ಗಿಸಿ ಗೂಡು ಕೀಳುತ್ತಿದ್ದಳು, ಎದ್ದು ಹೋಗುತ್ತಿದ್ದಳು. ನಾವು ಬೇಕೆಂದೇ ಸೀರಿಯಲ್ಲಿನ ಸೊಸೆಯ ಸುದ್ದಿ ತೆಗೆದು ಕೆಣಕುತ್ತಿದ್ದೆವು. "ನಂಗೇನ್ ಗೊತ್ತಮ್ಮ" ಎನ್ನುತ್ತಿದ್ದಳು. ಫ್ರಿಜ್ಜು ಯಾವುದು ತರಲಿ ಎಂದು ಕೇಳಿದವರಿಗೂ ಅದೇ ಉತ್ತರ. ಮೊದಮೊದಲು ಮುನಿಸು, ಸರಿಹೋಗುತ್ತಾಳೆ ಅಂದುಕೊಂಡೆವು. ಸರಿಹೋಗಲಿಲ್ಲ... ಮಾತು ಹುಟ್ಟಿಸುವವರಿಲ್ಲದೆ ಗೂಡು ಬಿಡಿಸುವ ಕೆಲಸ ಬರೀ ಕೆಲಸವಾಯಿತು. ಹುಡುಗಿಯರು ಕಿವಿಗೆ ವೈರು ಸಿಕ್ಕಿಸಿಕೊಂಡು ಕೂರತೊಡಗಿದರು. ಅದನ್ನು ಕಂಡು ಅವಳು ಏನಾದರೂ ಅಂದಾಳು ಎಂದು ಒಂದು ಸಲ ಕಾದು ಕೂತಿದ್ದೆ. ನೋಡಿದಳು, ಮತ್ತೆ ತಲೆ ಬಗ್ಗಿಸಿದಳು.

ಅವಳ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಾಗ ಮಗ ಕೋಲಾರಕ್ಕೆ ಕರೆತಂದ. ಆಪರೇಷನ್ ಮಾಡಬಹುದು, ಬೇಗ ನಿರ್ಧಾರ ಮಾಡಿ ಎಂದರು ಡಾಕ್ಟರು. ಅವತ್ತು ಅವರ ಜೊತೆ ನಾನೂ ಇದ್ದೆ. "ಏನ್ ಮಾಡೋಣಮ್ಮ, ನೀನೇ ಹೇಳು" ಎಂದು ಅವನು ಅಮ್ಮನ ಪಕ್ಕದಲ್ಲಿ ಕೂತು ಕೇಳಿದ. ಚಿಕ್ಕಂದಿನಿಂದ ಅವಳು ಹೇಳಿದ್ದನ್ನೇ ಮಾಡಿ ಬೆಳೆದವನು.

"ನಂಗೇನ್ ಗೊತ್ತಪ್ಪ. ನಾನು ಹೇಳಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದಳು.

ತನ್ನ ಮೈಯ ವಿಷಯಕ್ಕೂ ಅವಳಲ್ಲಿ ಮಾತು ಉಳಿದಿರಲಿಲ್ಲ. ನನಗೆ ಅಲ್ಲಿಯೇ ಅಳು ಬಂತು. ಮಗ ಅವರಿವರನ್ನು ಕೇಳಿದ, ಒಬ್ಬರು ಹೂಂ ಅಂದರು, ಇನ್ನೊಬ್ಬರು ನಾಟಿ ಔಷಧಿ ಅಂದರು. ಹೀಗೇ ತಿಂಗಳುಗಳು ಹೋದವು. ಮತ್ತೆ ಕರೆದುಕೊಂಡು ಹೋದಾಗ ಹೊತ್ತು ಮೀರಿದೆ ಎಂದರು.

ದೊಡ್ಡಮ್ಮ ಹೋಗಿ ಎರಡು ವರ್ಷವಾಯಿತು.

ಹೋದ ತಿಂಗಳು ಮುಳಬಾಗಿಲಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದು ಕೂತವಳು ಮೂಲೆಮನೆಯ ಸೊಸೆ. ಹುಳು ಬಿಟ್ಟು ಈಗ ಹಸು ಕಟ್ಟಿದ್ದಾರೆ. ದೊಡ್ಡಮ್ಮನ ಮಾತು ಬಂತು. ಆ ಮಿಷನ್ನಿನ ಕೊರಗಲ್ಲೇ ಅವಳು ಹೋದಳು ಎಂದೆ ನಾನು.

"ಮಿಷನ್ನಾ? ಅಯ್ಯೋ, ಅದರಿಂದ ಆಗಿದ್ದಲ್ಲ ಅಕ್ಕಾ" ಎಂದಳು. "ಹುಳ ಸಾಯೋ ಹಿಂದಿನ ದಿನ ನಮ್ಮನೆಯವರು ಟೊಮೇಟೊಗೆ ಔಷಧಿ ಹೊಡೆದಿದ್ರು. ಗಾಳಿಗೆ ಪಕ್ಕದ ಹಿಪ್ಪುನೇರಳೆ ಮೇಲೆಲ್ಲ ಬಿದ್ದಿತ್ತು. ಪಕ್ಕದೂರಿನ ನಮ್ಮಣ್ಣನೂ ಅದೇ ಸೊಪ್ಪು ತಗೊಂಡು ಹೋಗಿದ್ದ, ಅವರ ಹುಳಾನೂ ಅವತ್ತೇ ಹೋಯ್ತು. ಅವರ ಮನೇಲಿ ಎಂಥ ಮಿಷನ್ನೂ ಇರ್ಲಿಲ್ಲ."

"ಯಾವಾಗ ಗೊತ್ತಾಯ್ತು ನಿಮಗೆ?"

"ಅದೇ ವಾರ. ಮಗನ ತಪ್ಪನ್ನ ಬೀದಿಗ್ಯಾಕೆ ಹಾಕೋದು ಅಂತ ಅತ್ತೆ ಸುಮ್ನಿರಿಸಿದ್ರು. ಆಮೇಲೆ ದೊಡ್ಡಮ್ಮನೂ ಏನೂ ಕೇಳ್ಲಿಲ್ವಲ್ಲ... ಮರ್ತಿರ್ತಾಳೆ ಅಂದ್ಕೊಂಡೆ."

ಪಾಯಸ ಬಂತು, ಅವಳು ಎಲೆ ಮುಂದೆ ಸರಿಸಿ ಹಾಕಿಸಿಕೊಂಡಳು. ನನಗೆ ಕೆಟ್ಟ ಸಿಟ್ಟು ಬಂತು, ಆದರೆ ಅವಳ ಮುಖದಲ್ಲಿ ಕಪಟವೇನೂ ಇರಲಿಲ್ಲ. ದೊಡ್ಡಮ್ಮನ ಮಗ ಎರಡು ಸಾಲಿನಾಚೆ ಕೂತು ಉಣ್ಣುತ್ತಿದ್ದ. ನನ್ನನ್ನು ಕಂಡು ಕೈ ಎತ್ತಿದ. ನಾನೂ ಎತ್ತಿದೆ. ಅವನಿಗೆ ಹೇಳಿದರೆ ಅಮ್ಮ ಸುಮ್ಮಸುಮ್ಮನೆ ಸತ್ತಳು ಅನ್ನುವುದಷ್ಟೇ ಅವನ ಪಾಲಿಗೆ ಬರುತ್ತದೆ. ಇವತ್ತಿನವರೆಗೂ ಹೇಳಿಲ್ಲ. ಹೇಳಬೇಕಾಗಿದ್ದುದು ದೊಡ್ಡಮ್ಮನಿಗೆ.