ಗೋಡೆಯ ಮೇಲಿನ ಗುಡ್ಡವ್ವ

ಜಕ್ಕಲಿಯ ಗುಡ್ಡವ್ವ ಒಂದು ರೊಟ್ಟಿಗೆ ಒಂದು ದೇಶದಂತೆ ಪ್ರಾರ್ಥನೆ ಮಾಡುತ್ತಿದ್ದಳು. ಹಿಟ್ಟಿನ ಉಂಡೆ ಪರಾತಕ್ಕೆ ಬಿದ್ದ ಕೂಡಲೇ ದೇಶದ ಹೆಸರು, ರೊಟ್ಟಿ ಅಗಲವಾಗುವಷ್ಟರಲ್ಲಿ ಆ ಜನರ ಪರವಾಗಿ ದೇವರಿಗೆ ಎರಡು ಮಾತು, ಹಂಚಿನ ಮೇಲೆ ಮಗುಚುವಾಗ ಆಮೆನ್. ರೊಟ್ಟಿ ಸೀದರೆ ಆ ಪ್ರಾರ್ಥನೆ ಮುಟ್ಟಲಿಲ್ಲವೆಂದು ಅದೇ ದೇಶಕ್ಕೆ ಇನ್ನೊಂದು ಬಡಿಯುತ್ತಿದ್ದಳು.

ದೇಶಗಳ ಹೆಸರನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಣ್ಣನ ಮಗ ಶಾಲೆ ಬಿಟ್ಟು ಮೂಲೆಗೆಸೆದ ಭೂಪಟದ ಪುಸ್ತಕವನ್ನು ಸೆರಗಿನಿಂದ ಒರೆಸಿ ಇಟ್ಟುಕೊಂಡು, ಬಾಯಿಪಾಠವಿದ್ದ ಬೈಬಲ್ಲಿನ ವಚನಗಳ ಅಕ್ಷರಕ್ಕೆ ಅದರ ಅಕ್ಷರ ಹೋಲಿಸಿ ನೋಡಿ ತಾನೇ ಓದಲು ಕಲಿತಿದ್ದಳು. ಹರೆಯದಲ್ಲಿ ಅವಳಿಗೂ ದೂರದೇಶಕ್ಕೆ ಹೋಗಿ ಸುವಾರ್ತೆ ಹೇಳುವ ಆಸೆಯಿತ್ತು. ಸಾಲಿ ಕಲಿಯದವಳನ್ನು ಯಾರು ಕಳಿಸುತ್ತಾರೆಂದು ಸಭೆಯ ಹಿರಿಯರು ನಕ್ಕಿದ್ದರು. ಅಂದಿನಿಂದ ಅವಳ ಬೇಡಿಕೆ ಒಂದೇ: 'ಸ್ವಾಮಿ, ಕಲಿತ ಹುಡುಗರನ್ನಾದರೂ ಕಳಿಸು.'

ಅಂಥ ಗುಡ್ಡವ್ವ ಮೂರು ತಿಂಗಳಿಂದ ಸೀದ ರೊಟ್ಟಿಗಳನ್ನೆಲ್ಲ ಒಬ್ಬನ ಹೆಸರಿಗೆ ತೆಗೆದಿಡುತ್ತಿದ್ದಳು. ಅವನು ಪ್ರಬುದ್ಧ. ಕ್ರೈಸ್ತ ವಿದ್ಯಾರ್ಥಿಗಳನ್ನು ಹೊರದೇಶದ ಸೇವೆಗೆ ಹುರಿದುಂಬಿಸುತ್ತ ಕಾಲೇಜಿನಿಂದ ಕಾಲೇಜಿಗೆ ತಿರುಗುವ ಭಾಷಣಕಾರ. ಅವನಿಗಾಗಿ ಮಾತ್ರ ಅವಳು ಇನ್ನೊಂದು ರೊಟ್ಟಿ ಬಡಿದಿರಲಿಲ್ಲ.

ನಡೆದದ್ದಿಷ್ಟು. ಎರಡು ವರ್ಷದ ಹಿಂದೆ ಅವನು ಜಕ್ಕಲಿಗೆ ಬಂದವನು ಅವಳ ಒಲೆಯ ಮುಂದೆ ಕುಳಿತು ನಾಲ್ಕು ರೊಟ್ಟಿ ತಿಂದಿದ್ದ. ಹೆಸರು ಕೇಳಿದ್ದ, ಫೋಟೋ ತೆಗೆದುಕೊಂಡಿದ್ದ. ಹಸಿರು ಬಳೆ, ಗುಡ್ಡವ್ವ ಎಂಬ ಹೆಸರು, ಇಷ್ಟರಿಂದಲೇ ಇವಳು ಕ್ರೈಸ್ತಳಲ್ಲವೆಂದು ತಾನೇ ತೀರ್ಮಾನಿಸಿಕೊಂಡು ಹೋಗಿದ್ದ. ಮೂರು ತಿಂಗಳ ಹಿಂದೆ ಅಣ್ಣನ ಮೊಮ್ಮಗಳು ಶ್ವೇತಾ ಕಾಲೇಜಿನಿಂದ ಬಂದು ಮೊಬೈಲು ಮುಂದೆ ಹಿಡಿದಳು. ಹೊಗೆಯ ನಡುವೆ ಗುಡ್ಡವ್ವನದೇ ಮುಖ. ಕೆಳಗೆ ಬರಹ: 'ಯೇಸು ಯಾರೆಂದು ಈ ತಾಯಿಗೆ ಗೊತ್ತಿಲ್ಲ. ಯಾರು ಹೋಗುವಿರಿ?'

"ಅಜ್ಜಿ, ಇದನ್ನ ನೋಡಿ ಹನ್ನೆರಡು ಮಂದಿ ಹೋಗ್ತೀವಂತ ಎದ್ದು ನಿಂತ್ರು," ಎಂದಳು ಶ್ವೇತಾ. "ನನಗೂ ಮನಸ್ಸಾಗೈತಿ. ನರಗುಂದದಾಗ ಸರ್ ನಡಸೂ ಶಿಬಿರದಾಗ ಹೋಗ್ತೀನಂತ ಚೀಟಿ ಬರದು ಕೊಡ್ತೀನಿ. ಆದ್ರ ಸರ್‌ಗೆ ನೀ ಯಾರಂತ ಹೇಳಲೇನು?"

"ನೀ ಹೇಳಬ್ಯಾಡ. ನಾನ ಹೇಳ್ತೀನಿ."

ಶಿಬಿರಕ್ಕೆ ರೊಟ್ಟಿ ಬೇಕೆಂದು ತಿಳಿದ ದಿನವೇ ಗುಡ್ಡವ್ವ ಆ ಕೆಲಸ ಹಿಡಿದಳು. ಜೊತೆಗೆ ಓಣಿಯ ಗೆಳತಿ ಖಾತುನಬಿ ಬಂದಳು. ಗುಡ್ಡವ್ವನ ಒಳಗಿನ ಲೆಕ್ಕಾಚಾರ ಖಾತುನಬಿಗೊಬ್ಬಳಿಗೇ ಗೊತ್ತು.

"ಬೈಯೂದಿದ್ರ ಫೋನಿನಾಗ ಬೈದು ಬಿಡು," ಎಂದಳು ಖಾತುನಬಿ ಒಲೆಗೆ ಕಟ್ಟಿಗೆ ತುರುಕುತ್ತ.

"ಅಂವ ನನ್ನ ಮಂದ್ಯಾಗ ನಿಲ್ಲಿಸ್ಯಾನ. ನಾನೂ ಅವನ್ನ ಮಂದ್ಯಾಗ ನಿಲ್ಲಸ್ತೀನಿ."

"ಆ ಹುಡುಗೂರು ಹೋಗೂದ ಬಿಟ್ಟ್ರ? ನೀನ ಇಷ್ಟು ವರ್ಷ ಬೇಡ್ಕೊಂಡೀಯಲ್ಲ?"

ರಾತ್ರಿ ಹಗಲು ಗುಡ್ಡವ್ವನನ್ನು ಕುಕ್ಕುತ್ತಿದ್ದುದೂ ಅದೇ. ಆದರೂ ಹಿಂದೆಗೆಯುವ ಮನಸ್ಸಿರಲಿಲ್ಲ.

ಶಿಬಿರದ ಎರಡನೆಯ ದಿನ ಮಧ್ಯಾಹ್ನ ಸಭಾಂಗಣದ ಕಿಟಕಿಗಳಿಗೆ ಪರದೆ ಎಳೆದರು. ಗೋಡೆಯ ಮೇಲೆ ಆಳೆತ್ತರದ ಗುಡ್ಡವ್ವ ಮೂಡಿದಳು. ಪ್ರಬುದ್ಧನ ದನಿ ಗದ್ಗದವಾಯಿತು. ಅಷ್ಟರಲ್ಲಿ ನಿಜವಾದ ಗುಡ್ಡವ್ವ ಹಿಟ್ಟಿನ ಕೈಯಲ್ಲೇ ಬಂದು ಬೆಳಕಿಗೆ ಅಡ್ಡ ನಿಂತಳು. ಚಿತ್ರದ ಮುಖ ಅವಳ ಮುಖದ ಮೇಲೇ ಬಿತ್ತು.

"ಅಡಿಗಿಮನಿ ಆ ಕಡೆ ಐತಿ, ಯವ್ವಾ," ಎಂದ ಪ್ರಬುದ್ಧ.

"ಗುರುತು ಹತ್ತಲಿಲ್ಲೇನ್ರಿ? ದಿನಾ ಗೋಡಿ ಮ್ಯಾಲ ಹಾಕ್ತೀರಲ್ಲ ನನ್ನ."

ಎಲ್ಲರ ಕಣ್ಣೂ ಗೋಡೆಯಿಂದ ಗುಡ್ಡವ್ವನ ಕಡೆಗೆ ಹೊರಳಿದವು.

"ನಮ್ಮಜ್ಜ ಪರಶಪ್ಪ ಸುವಾರ್ತಿ ಹೇಳಾಕ ಇಟಗಿ ಮಟಾ ನಡಕೊಂಡು ಹೋಗ್ತಿದ್ದ. ನಮ್ಮ ಮನ್ಯಾಗ ಮೂರು ತಲಿ ಯೇಸುನ ಹೆಸರಿನ್ಯಾಗ ಹುಟ್ಟಿ ಸತ್ತೈತಿ. ನನ್ನ ರೊಟ್ಟಿ ತಿಂದು, ನನಗ ಯೇಸು ಗೊತ್ತಿಲ್ಲಂತ ಬರದೀರಿ. ಒಂದು ಮಾತು ಕೇಳಿದ್ರ ಬಾಯಿ ಸವೀತಿತ್ತೇನ್ರಿ?"

"ತಪ್ಪಾತವ್ವಾ. ಆದ್ರ ಉದ್ದೇಶ ಚಲೋ ಇತ್ತು..."

"ಉದ್ದೇಶ ನಿಮ್ಮದು. ಮುಖ ನಂದು. ಮಂಗೋಲಿಯಾಕ್ಕ ಹುಡುಗೂರ್ನ ಕಳಸ್ತೀನಂತ ಮುಂಜಾನಿ ಹೇಳಿದ್ರಿ. ಅದರ ರಾಜಧಾನಿ ಯಾವುದು?"

ಪ್ರಬುದ್ಧ ತಡವರಿಸಿದ.

"ಉಲಾನ್ ಬಾತರ್," ಎಂದಳು ಗುಡ್ಡವ್ವ. "ಹದಿನೆಂಟು ವರ್ಷದಿಂದ ಆ ಊರಿಗೆ ರೊಟ್ಟಿ ಬಡಿಯಾಕತ್ತೀನಿ."

ಹಿಂದಿನ ಸಾಲಿನಿಂದ ನಗೆಯೆದ್ದು ಇಡೀ ಸಭೆಗೆ ಹಬ್ಬಿತು. ಪ್ರಬುದ್ಧ ಬೆವರುತ್ತ ಕೆಳಗೆ ನೋಡಿದ. ಗುಡ್ಡವ್ವನ ಎದೆ ತಣ್ಣಗಾಯಿತು. ಮೂರು ತಿಂಗಳು ಕಾದ ಸುಖ ಅದು. ಅವಳು ಅದನ್ನು ನಿಧಾನವಾಗಿ ಉಂಡಳು.

ಆಮೇಲೆ ಒಬ್ಬ ಹುಡುಗ ಎದ್ದು, "ಹಂಗಾದ್ರ ನಾವು ಕೇಳಿದ್ದೆಲ್ಲಾ ಸುಳ್ಳು," ಎಂದು ತನ್ನ ಚೀಟಿ ಮುದುರಿ ಎಸೆದು ಹೊರಟ. ಇನ್ನೂ ನಾಲ್ಕೈದು ಜನ ಎದ್ದರು. ಶ್ವೇತಾಳ ಚೀಟಿಯೂ ಅವಳ ತೊಡೆಯ ಮೇಲೆ ಎರಡು ತುಂಡಾಗಿ ಬಿದ್ದಿತ್ತು.

"ಕುಂದರ್ರಿ!" ಗುಡ್ಡವ್ವ ಗದರಿದಳು. "ನನ್ನ ಸಿಟ್ಟು ಇವನ ಮ್ಯಾಲ. ನನ್ನ ದೇವರ ಮ್ಯಾಲ ಅಲ್ಲ. ಹೋಗೂದು ಸುಳ್ಳಲ್ಲ, ಹೋಗೂ ರೀತಿ ತಪ್ಪು. ನಾಳೆ ಈ ಸಾಹೇಬ್ರು ನನ್ನ ಒಲಿ ಮುಂದ ಕೂತು ರೊಟ್ಟಿ ಬಡೀತಾರ. ಹೊತ್ತು ಮುಳುಗೂ ಮಟಾ ಒಂದು ಮಾತೂ ಆಡಂಗಿಲ್ಲ. ಬರ್ರಿ ಎಲ್ಲಾರೂ, ನೋಡ್ರಿ."

ಮರುದಿನ ಪ್ರಬುದ್ಧ ಬಂದ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅವನ ಮೊದಲ ರೊಟ್ಟಿ ನಡುವೆ ಹರಿಯಿತು.

"ಇದ್ಯಾವ ದೇಶರಿ ಸರ್? ನಡುವ ಹೊಳಿ ಹರದಂಗೈತಿ," ಎಂದು ಖಾತುನಬಿ ಕಿಚಾಯಿಸಿದಳು. ಹುಡುಗರು ಬಿದ್ದು ಬಿದ್ದು ನಕ್ಕರು. ಅವನು ತುಟಿ ಬಿಚ್ಚುವಂತಿರಲಿಲ್ಲ.

ಗುಡ್ಡವ್ವ ಮಾತ್ರ ಮಾತಾಡುತ್ತ ಹೋದಳು. ಒಂದೊಂದು ದೇಶದಲ್ಲಿ ಚಳಿ ಎಷ್ಟು, ಜನ ಏನು ಉಣ್ಣುತ್ತಾರೆ, ಅವರಿಗಾಗಿ ತಾನು ಏನು ಬೇಡಿದ್ದೇನೆ, ಎಲ್ಲವನ್ನೂ ರೊಟ್ಟಿ ಬಡಿಯುತ್ತಲೇ ಹೇಳಿದಳು. ನೋಡಲು ಬಂದ ಹುಡುಗರು ಕೇಳಲು ಕುಳಿತರು. ಚೀಟಿ ಎಸೆದವನೂ ಬಾಗಿಲಲ್ಲಿ ನಿಂತಿದ್ದ. ಬಿಸಿಲು ನರಗುಂದದ ಕೋಟೆಯ ಗುಡ್ಡದ ಮೇಲಿಂದ ಇಳಿಯುವ ಹೊತ್ತಿಗೆ ಶ್ವೇತಾ ಒಲೆಯ ಹತ್ತಿರ ಸರಿದಳು.

"ಅಜ್ಜಿ, ಮಂಗೋಲಿಯಾ ನನಗ ಕೊಡು."

"ತಗೋ. ಆದ್ರ ಹೋದ ಊರಾಗ ಮೊದಲ ಒಬ್ಬಾಕಿ ಮುದಕಿ ಮುಂದ ಕೂತು ಆಕಿ ಮಾತು ಕೇಳು. ಪೂರಾ ಕೇಳು. ಆಮ್ಯಾಲ ನಿಂದು ಹೇಳು."

ಆ ದಿನ ಸೀದ ರೊಟ್ಟಿ ಎರಡು. ಎರಡನ್ನೂ ಗುಡ್ಡವ್ವ ಪ್ರಬುದ್ಧನ ತಾಟಿಗೆ ಹಾಕಿದಳು. ಅವನು ಒಂದನ್ನು ಪೂರಾ ತಿಂದ. ಹೊತ್ತು ಮುಳುಗಿದ ಮೇಲೆ ಬಾಯಿ ತೆರೆದ.

"ಆ ಫೋಟೋ ಅಳಿಸೀನ್ರಿ. ನನ್ನ ಕ್ಷಮಿಸ್ತೀರೇನು?"

ಅವಳು ಕೊನೆಯ ಚೂರಿಯನ್ನು ಇದಕ್ಕೆಂದೇ ಮಸೆದಿಟ್ಟುಕೊಂಡಿದ್ದಳು.

"ನಮ್ಮಜ್ಜನ ಹೆಸರೇನು?"

"ಪರಶಪ್ಪ," ಎಂದ ಅವನು. "ಇಟಗಿ ಮಟಾ ನಡಕೊಂಡು ಹೋಗ್ತಿದ್ರು."

ಗುಡ್ಡವ್ವನ ಚೂರಿ ಮೊಂಡಾಯಿತು. ಅವನು ಕೇಳಿಸಿಕೊಂಡಿರಬಾರದಿತ್ತು. ಅವಳು ಅವನ ತಾಟಿನಲ್ಲಿ ಉಳಿದ ಸೀದ ರೊಟ್ಟಿಯನ್ನು ತೆಗೆಯಲಿಲ್ಲ. ಕ್ಷಮಿಸಿದೆ ಎನ್ನಲೂ ಇಲ್ಲ. ಪರಾತಕ್ಕೆ ಇನ್ನೊಂದು ಉಂಡೆ ಹಾಕಿದಳು.

"ದೇಶೆಲ್ಲಾ ಮುಗದುವಲ್ಲ. ಇದು ಯಾರಿಗೆ?" ಎಂದಳು ಖಾತುನಬಿ.

"ನೀ ಸುಮ್ಮನ ಉರಿ ಹಾಕು. ಜ್ವಾಕಿ, ಸೀಯಬಾರದು."