ಮಂಗಳನ ಗಾಳಿ ತುಂಬಿದ ಬರಣಿ

ನಾನು ಮೂಡಲಗಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ವರ್ಷ ಗೋಕಾಕದಲ್ಲಿ ನಡೆದ ಶಿಕ್ಷಕರ ವಿಜ್ಞಾನ ಪ್ರದರ್ಶನದಲ್ಲಿ ಗೆದ್ದೇ ತೀರಬೇಕೆಂದು ಹಟ ತೊಟ್ಟಿದ್ದೆ. ಬಹುಮಾನದ ಆಸೆಗಿಂತ ಅತ್ತೆಯ ಬಾಯಿ ಮುಚ್ಚಿಸುವ ಆಸೆ ದೊಡ್ಡದಿತ್ತು. ನಾನು ಮಕ್ಕಳಿಗೆ ಗಾಳಿಯ ಪಾಠ ಮಾಡುತ್ತೇನೆಂದು ತಿಳಿದಂದಿನಿಂದ ಅವರದು ಒಂದೇ ಮಾತು: "ಕಣ್ಣಿಗೆ ಕಾಣಲಾರದ್ದು ಕಲಿಸಿ ಪಗಾರ ತಗೊಳ್ಳಾಕಿ ನೀ ಒಬ್ಬಾಕಿನ."

ನನ್ನ ವಿಷಯ ಮಂಗಳ ಗ್ರಹದ ವಾತಾವರಣ. ಅಲ್ಲಿನ ಗಾಳಿ ಬಹಳ ತೆಳು. ಇರುವಷ್ಟರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. ಆ ತೆಳುತನವನ್ನು ತರುವುದು ನನ್ನಿಂದಾಗದು, ಅನಿಲವನ್ನಾದರೂ ತೋರಿಸೋಣವೆಂದು ಅಡುಗೆ ಸೋಡಾಕ್ಕೆ ಲಿಂಬೆ ಹಿಂಡಿ, ಎದ್ದ ಅನಿಲವನ್ನು ಗಾಜಿನ ಬರಣಿಗೆ ತುಂಬಿ ಮುಚ್ಚಳ ಬಿಗಿದೆ. ಉರಿಯುವ ಬತ್ತಿ ಒಳಗಿಳಿಸಿದರೆ ಪಕ್ಕನೆ ಆರಬೇಕು. ಬರಣಿಗೆ ಬಟ್ಟೆ ಸುತ್ತಿಟ್ಟು ಸೀರೆ ಉಡಲು ಹೋದೆ.

ಬಸ್ಸಿನಲ್ಲಿ ಬರಣಿ ಭಾರವೆನಿಸಿತು. ಜವಾಬ್ದಾರಿಯ ಭಾರವಿರಬೇಕು ಅಂದುಕೊಂಡೆ.

ನಿರ್ಣಾಯಕರ ಮುಂದೆ, "ಇದು ಮಂಗಳನ ಗಾಳಿ" ಎಂದು ಗತ್ತಿನಿಂದ ಬಟ್ಟೆ ಸರಿಸಿದೆ. ಬರಣಿ ತುಂಬ ಶೇಂಗಾ ಉಂಡಿ.

ಸಿಟ್ಟು ನೆತ್ತಿಗೇರಿ ಅತ್ತೆಗೆ ಫೋನ್ ಮಾಡಿದೆ. "ಖಾಲಿ ಬರಣಿ ಹಿಡಕೊಂಡು ಮನಿ ಬಿಟ್ಟು ಹೋಗಬಾರದವಾ. ಅದಕ್ಕ ತುಂಬೀನಿ" ಎಂದರು.

ನಿರ್ಣಾಯಕರು ತಲಾ ಎರಡು ಉಂಡಿ ತಿಂದು, ಮಂಗಳ ವಾಸಕ್ಕೆ ಯೋಗ್ಯವೆಂದು ನಕ್ಕು, ಬಹುಮಾನವನ್ನು ಹುಕ್ಕೇರಿಯ ಮಾಸ್ತರರ ಜ್ವಾಲಾಮುಖಿಗೆ ಕೊಟ್ಟರು. ಅದರೊಳಗೂ ಇದ್ದದ್ದು ಸೋಡಾ, ಲಿಂಬೆರಸ, ಒಂದಿಷ್ಟು ಕುಂಕುಮ. ಉಳಿದ ಉಂಡಿಗಳನ್ನು ಆ ಮಾಸ್ತರರೇ ಖಾಲಿ ಮಾಡಿ, ಬರಣಿ ತೊಳೆದು ಮುಚ್ಚಿ ಕೊಟ್ಟರು. "ಖಾಲಿ ಕೊಡಬಾರದ್ರಿ ಟೀಚರ್. ನಮ್ಮ ಜ್ವಾಲಾಮುಖಿ ಗಾಳಿ ತುಂಬೀನಿ."

ಸಂಜೆ ಅತ್ತೆ ಮುಚ್ಚಳ ತೆಗೆದು ಮೂಗು ಮುರಿದರು. "ಖಾಲಿನ ಕಳಿಸ್ಯಾರಲ್ಲ, ಎಂಥಾ ಮಂದಿ."

ನಾನು ಅವರ ಕೈಗೆ ಕಡ್ಡಿಪೆಟ್ಟಿಗೆ ಇಟ್ಟೆ. "ಕಡ್ಡಿ ಗೀರಿ ಒಳಗ ಇಳಿಸ್ರಿ."

ಕಡ್ಡಿ ಆರಿತು. ಫ್ಯಾನಿನ ಗಾಳಿ ಎಂದು ಫ್ಯಾನ್ ಆರಿಸಿದರು. ಮತ್ತೆ ಆರಿತು. ಕಡ್ಡಿ ಹಸಿ ಅದಾವ ಎಂದು ಹೊಸ ಪೆಟ್ಟಿಗೆ ಒಡೆದರು. ಅದೂ ಆರಿತು. ಬರಣಿಯೊಳಗೆ ಇಣುಕಿ ನೋಡಿದರು. ಆಮೇಲೆ ಮೆಲ್ಲಗೆ ಮುಚ್ಚಳ ಬಿಗಿದು, ಬರಣಿಯನ್ನು ಸೆರಗಿನಡಿ ಇಟ್ಟುಕೊಂಡು ಎದ್ದರು.

"ಬಾಜೂ ಮನಿಯವರಿಗೆ ತೋರಿಸಿ ಬರ್ತೀನಿ. ನನ್ನ ಸೊಸಿ ಕಲಿಸೋದು ಇದನ್ನ ಅಂತ ಹೇಳ್ತೀನಿ."

ಗೋಕಾಕದಲ್ಲಿ ಬಾರದ ಅಳು ಆಗ ಬಂತು. ಆದರೆ ಒಂದು ಮನೆಗೆ ನಿಲ್ಲುವವರಲ್ಲ ಅತ್ತೆ. ಕಣ್ಣೊರೆಸಿಕೊಂಡು ಸೋಡಾ ಡಬ್ಬಿ ತೆಗೆದು ಇನ್ನೆರಡು ಲಿಂಬೆ ಕೊಯ್ದಿಟ್ಟೆ.