ತುಳಸಿ ಒಪ್ಪಿದ ನಲ್ಲಿ ನೀರು

ಓವರ್‌ಸಿಯರ್ ಮಾವನ ಬಲಗಿವಿಗೆ ಸದಾ ಕೆಮ್ಮಣ್ಣು ಮೆತ್ತಿರುತ್ತಿತ್ತು. ಪೇಟ ತೆಗೆದು ಯಾರದೋ ಜಗುಲಿಯ ಮೇಲಿಟ್ಟು, ನಡುಬೀದಿಯಲ್ಲಿ ಮಂಡಿಯೂರಿ, ನೆಲಕ್ಕೇ ಕಿವಿ ಹಚ್ಚಿ, ಪೈಪು ಎಲ್ಲಿ ಸೋರುತ್ತಿದೆಯೆಂದು ಆಲಿಸುತ್ತಿದ್ದರು. ನಾವು ಮಕ್ಕಳು ಸುತ್ತ ನಿಂತು, “ಏನು ಕೇಳಿಸ್ತದೆ ಮಾವ?” ಎಂದರೆ, “ಗಂಗಮ್ಮ ನಡೀತಾವ್ಳೆ, ಸುಮ್ಕಿರ್ರೋ” ಎನ್ನುವರು. ಪಾವಗಡದ ಕಡೆಯವರು. ಸಿಟ್ಟು ಬಂದರೂ ಸಂತೋಷವಾದರೂ ಬಾಯಿಗೆ ಮೊದಲು ತೆಲುಗೇ ಬರುತ್ತಿತ್ತು. ನಮಗೆ ರಕ್ತಸಂಬಂಧವೇನೂ ಇಲ್ಲ. ನಲ್ಲಿ ಹಾಕಿಸುವ ಕೆಲಸದ ಮೇಲೆ ಪಕ್ಕದ ಬಾಡಿಗೆ ಮನೆಗೆ ಬಂದವರು, ಅಷ್ಟೇ.

ಮಹಾರಾಜರ ಸರ್ಕಾರ ಮಧುಗಿರಿಯ ನಮ್ಮ ಬೀದಿಗೆ ನಲ್ಲಿ ಹಾಕಿಸಿದ ಕಾಲ ಅದು. ಊರಾಚೆ ಆಳದ ಬಾವಿ, ಅದಕ್ಕೊಂದು ಪಂಪು. ಅಲ್ಲಿಯವರೆಗೆ ಎಲ್ಲರಿಗೂ ಕಲ್ಯಾಣಿಯೇ. ಹೆಂಗಸರು ಮೆಟ್ಟಿಲಿಳಿದು, ಮೊಣಕಾಲುದ್ದ ನೀರಲ್ಲಿ ನಿಂತು ಕೊಡ ತುಂಬುತ್ತಿದ್ದರು. ಆ ನೀರು ಕುಡಿದವರಿಗೆ ನಾರುಹುಣ್ಣು ಬರುತ್ತಿತ್ತು. ನನ್ನ ಅಮ್ಮನ ಹಿಮ್ಮಡಿಯ ಪಕ್ಕ ಬೊಬ್ಬೆಯೆದ್ದು, ಅದರೊಳಗಿಂದ ನೂಲಿನಂಥ ಹುಳು ಹೊರಟಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಅಮ್ಮ ಕೊಡ ಹೊತ್ತು ಕುಂಟುತ್ತ ಬರುವುದನ್ನು ನೋಡಲಾರದೆ ನಾನು ಒಳಗೆ ಓಡಿಬಿಡುತ್ತಿದ್ದೆ.

ನಲ್ಲಿ ಬಂದ ಮೇಲೆ ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಬೀದಿಯ ತುಳಸಿಗಳೆಲ್ಲ ಹಳದಿಯಾಗತೊಡಗಿದವು. ನರ ಮಾತ್ರ ಹಸಿರು, ನಡುವೆಲ್ಲ ಬಿಳಿಚಿದ ಹಳದಿ. ಕಟ್ಟೆಯ ಮಣ್ಣಿನ ಮೇಲೆ ಬೂದಿಯಂಥ ಬಿಳಿ ಪೊರೆ. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಬೀದಿಗೆಲ್ಲ ಹೈಕೋರ್ಟು. ಮಾವ ಜಗುಲಿ ಇಳಿಯುತ್ತಲೇ ತಡೆದಳು.

“ಏನಯ್ಯಾ ಓವರ್ಸೀರಪ್ಪ, ನಿನ್ ನಲ್ಲಿ ನೀರ್ನ ತುಳಸವ್ವನೇ ಒಲ್ಲೆ ಅಂತವ್ಳೆ. ಅವ್ಳು ಒಲ್ಲದ್ದು ನಮಗ್ಯಾಕೆ?”

ತೀರ್ಪು ಆಗಿಹೋಯಿತು. ಮರುದಿನ ಹೆಂಗಸರೆಲ್ಲ ಮತ್ತೆ ಕಲ್ಯಾಣಿಯ ಮೆಟ್ಟಿಲಿಳಿದರು. ಅತ್ತೆಯ ಮಾತು ಮೀರದ ನನ್ನ ಅಮ್ಮನೂ ಕುಂಟುತ್ತ ಹಿಂದೆ ಹೋದಳು. ನಲ್ಲಿಯ ಕೆಳಗೆ ಎಮ್ಮೆಗಳು ಬಂದು ನಿಂತವು.

ಮಾವ ಮೊದಲು ಲೆಕ್ಚರ್ ಕೊಟ್ಟರು. ನಾರಿನ ಹುಳ, ಕಲ್ಯಾಣಿಯ ನೀರು, ಡಿಪಾರ್ಟ್‌ಮೆಂಟಿನ ರಿಪೋರ್ಟು. “ನಮ್ ತಾತ ಮುತ್ತಾತ ಕುಡಿದಿರೋ ನೀರು ಕಣಯ್ಯಾ” ಎಂದು ಅಜ್ಜಿ ಎಲೆಯಡಿಕೆ ಮಡಿಸಿದಳು. ಅಮ್ಮನ ಕಾಲಿನ ಕಡ್ಡಿಯನ್ನು ನೋಡಿ ಮಾವ ಮಾತು ನಿಲ್ಲಿಸಿ ಹೋದರು. ಒಂದು ಭಾನುವಾರ ನಮ್ಮ ಅಂಗಳದಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿ, ನಲ್ಲಿ ನೀರನ್ನು ಅಗಲ ಬಾಣಲೆಯಲ್ಲಿ ಕುದಿಸುತ್ತ ಕುಳಿತರು. ಬೀದಿಯ ಹೆಂಗಸರೆಲ್ಲ ಸೇರಿದರು.

“ಯಾರ ಮದ್ವೆಗಯ್ಯಾ ಅಡುಗೆ?” ಎಂದು ಅಜ್ಜಿ ಕೆಣಕಿದಳು.

“ಒಕ್ಕ ನಿಮಿಷಂ ಅವ್ವಾ.”

ನೀರೆಲ್ಲ ಇಂಗಿ ತಳದಲ್ಲಿ ಬಿಳಿ ಚಕ್ಕೆ ಉಳಿಯಿತು. ಅದನ್ನು ಕೆರೆದು, ಚಿಟಿಕೆ ಅರಿಶಿನ ಹಾಕಿ, ಎರಡು ಹನಿ ನೀರು ಬಿಟ್ಟು ಕಲಸಿದರು. ಅರಿಶಿನ ಕೆಂಪಾಯಿತು. ಹೆಂಗಸರ ಬಾಯಿಂದ ಒಂದೇ ಸಲ ಹೊರಟಿತು: “ಅಯ್ಯೋ, ಆರತಿ ನೀರು!”

ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು. ಬಾಣಂತಿಗೂ ಮದುಮಗಳಿಗೂ ಆರತಿ ಎತ್ತಿದ ಕೈಗಳಿಗೆ ಅದನ್ನು ಹೇಳಿಕೊಡಬೇಕೇ? ಮುಂದೆ ಬೆಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ‘ಆಲ್ಕಲೈನ್’ ಎಂದು ಬರೆದು ಲಿಟ್ಮಸ್ ಪೇಪರ್ ಅದ್ದಿದಾಗ, ನನಗೆ ಕಂಡದ್ದು ಆ ಬಾಣಲೆಯೇ.

“ಸುಣ್ಣದಂಥದ್ದೇ ಅವ್ವಾ, ಕಲ್ಲಿನ ಸಾರ. ಮನುಷ್ಯರಿಗೆ ಏನೂ ಆಗಲ್ಲ, ಗಿಡಕ್ಕೆ ಊಟ ಇಳಿಯಲ್ಲ,” ಎಂದ ಮಾವ, ಮನೆಯಲ್ಲಿ ತಮ್ಮ ಹೆಂಡತಿಯ ಗುಲಾಬಿ ಗಿಡಕ್ಕೆ ಹಾಕುವಂತೆ ಹುಣಸೆಹಣ್ಣು ಕಿವುಚಿದ ನೀರು ತಂದರು. ಅಜ್ಜಿ ಎದ್ದೇ ನಿಂತಳು.

“ತುಳಸವ್ವಂಗೆ ಹುಣಸೆಹುಳಿ ಉಯ್ತೀಯಾ? ಅಂಗೇ ಒಂದೊಗ್ಗರಣೆನೂ ಹಾಕ್ಬುಡು, ಸಾರಾಗ್ತದೆ!”

ಎಲ್ಲರೂ ನಕ್ಕರು. ಮಾವನ ಮುಖ ಇಳಿದುಹೋಯಿತು. ನಕ್ಕು ಮುಗಿದ ಮೇಲೆ ಅಜ್ಜಿ ಏನೋ ಯೋಚಿಸಿ, “ಸುಣ್ಣಕ್ಕೆ ಹುಳಿ ಅನ್ನೋದೇನೋ ದಿಟ. ನಿಂಬೆಹಣ್ಣಾದ್ರೆ ದೇವ್ರಿಗೂ ಸಲ್ತದೆ,” ಎಂದು ಒಳಗಿಂದ ಒಂದನ್ನು ತಂದಳು. “ಕುಡಿ ಹಸ್ರಾಗಿ ಬಂದ್ರೆ ನನ್ ಸೊಸೆ ನಲ್ಲಿಗೆ ಬತ್ತಾಳೆ. ಇಲ್ದಿದ್ರೆ ಕಲ್ಯಾಣಿಗೇ.”

ಮಾವ ಪೊರೆಗಟ್ಟಿದ ಮೇಲ್ಮಣ್ಣು ಕೆರೆದು ತೆಗೆದರು. ಹೊಂಗೆಮರದಡಿ ಕೊಳೆತ ಎಲೆಗೊಬ್ಬರ ತಂದು ತುಂಬಿದರು. ಕೊಡ ನೀರಿಗೆ ಅರ್ಧ ನಿಂಬೆ. ಅಜ್ಜಿ ದಿನವೂ ಕೆಳಗಿನ ಹಳದಿ ಎಲೆ ಎತ್ತಿ ತೋರಿಸುವಳು. “ಅದು ಹೋದದ್ದು ಅವ್ವಾ, ಬಿಟ್ಟುಬಿಡು. ತುದಿ ನೋಡು,” ಎನ್ನುವರು ಮಾವ. ಬಾಯಲ್ಲಿ ಹಾಗೆಂದರೂ ಅವರಿಗೇ ಧೈರ್ಯವಿರಲಿಲ್ಲ. ಕಚೇರಿಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ನಮ್ಮ ಕಟ್ಟೆಯ ಮುಂದೆ ಬಗ್ಗುತ್ತಿದ್ದರು. ಮೊದಲ ಕುಡಿ ಬಿಳಿಚಿಕೊಂಡೇ ಬಂತು. ಆ ದಿನ ಪಾಪ, ನಮ್ಮ ಮನೆಯ ಕಾಫಿಯನ್ನೂ ಬೇಡವೆಂದರು. ಅಮ್ಮ ಮತ್ತಷ್ಟು ದಿನ ಕಲ್ಯಾಣಿಗೇ ನಡೆದಳು.

ಆಮೇಲೆ ಒಂದು ಬೆಳಿಗ್ಗೆ, ಬೆಟ್ಟದ ನೆರಳು ಇನ್ನೂ ಬೀದಿಯ ಮೇಲಿರುವಾಗ, ಅಜ್ಜಿ ಪೂಜೆಗೆ ಹೋದವಳು ಬಹಳ ಹೊತ್ತು ಬಗ್ಗಿಯೇ ಇದ್ದಳು. ತುದಿಯಲ್ಲಿ ಎರಡೆಲೆ, ಕಡುಹಸಿರು. ಅವಳು ಯಾರನ್ನೂ ಕರೆಯಲಿಲ್ಲ. ಒಳಗೆ ಬಂದು ಖಾಲಿ ಕೊಡ ಎತ್ತಿ ಅಮ್ಮನ ಸೊಂಟಕ್ಕಿಟ್ಟು, “ನಲ್ಲಿಗೋಗು” ಎಂದಳು. ಬೀದಿಯೂ ಅಮ್ಮನ ಹಿಂದೆ ಹೋಯಿತು. ಮಾವ ನಲ್ಲಿಯ ಪಕ್ಕ ನಿಂತು, ಕಣ್ಣೊರೆಸಿಕೊಳ್ಳುತ್ತ, ತೆಲುಗಿನಲ್ಲಿ ಎಮ್ಮೆಗಳನ್ನು ಬೈದು ಓಡಿಸುತ್ತಿದ್ದರು.

ಮರುವರ್ಷ ಅಮ್ಮನ ಕಾಲಲ್ಲಿ ಇನ್ನೊಂದು ನಾರು ಹೊರಟಿತು. ಕಲ್ಯಾಣಿಯ ಹಳೇ ನೀರಿನದು, ಹುಳ ಹೊರಬರಲು ವರ್ಷ ಹಿಡಿಯುತ್ತದೆ, ಹೆದರಬೇಡಿ ಎಂದರು ಮಾವ. ಅದೇ ಕೊನೆಯದು.

ಅವರಿಗೆ ಶಿರಾಕ್ಕೆ ವರ್ಗವಾಯಿತು. ಕೆಲವು ವರ್ಷಗಳ ನಂತರ, ನಾನು ರಜೆಗೆ ಊರಿಗೆ ಬಂದಿದ್ದಾಗ, ಅವರು ಜ್ವರದಿಂದ ತೀರಿಕೊಂಡ ಸುದ್ದಿಯನ್ನು ಶಿರಾದ ಬಸ್ಸಿನವನು ಹೇಳಿದ. ಅಜ್ಜಿ ಎದ್ದು ಬಚ್ಚಲಿಗೆ ನಡೆದಳು. ಸಾವಿನ ಸುದ್ದಿ ಕೇಳಿ ಮೀಯುವುದು ಸ್ವಂತದವರಿಗೆ ಮಾತ್ರ.

“ನಮಗೆ ಸೂತಕ ಇಲ್ವಲ್ಲ ಅತ್ತೆ,” ಎಂದಳು ಅಮ್ಮ.

“ನಿನ್ ಕಾಲಿಗಾದ್ರೂ ಗೊತ್ತು, ಅವ್ನು ನಮಗೇನಾಗ್ಬೇಕು ಅಂತ. ನೀರ್ ತತ್ತಾ.”

ಅಮ್ಮ ಎರಡು ಕೊಡಗಳನ್ನೂ ಎತ್ತಿಕೊಂಡು, ನೆಟ್ಟಗೆ, ಸರಸರನೆ ನಲ್ಲಿಯ ಕಡೆ ನಡೆದಳು.